‘ಬಿಪಿ ನೋಡಿಸಬೇಡಿ’ ಎನ್ನುವವರಿಂದ ದೂರ ಇರಿ: ಮನೆಯಲ್ಲೇ ಹೆರಿಗೆ ಅಂದುಕೊಂಡವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ತಂಗಿ ಚೆನ್ನಾಗಿದ್ದಾಳೆ, ಮಗುವೂ ಚೆನ್ನಾಗಿದೆ. ಮನೆಯಲ್ಲೇ ಹೆರಿಗೆ ಮಾಡಿಸುತ್ತೇವೆ ಎಂದು 30 ಸಾವಿರ ರೂಪಾಯಿ ಹಾಕಿಸಿಕೊಂಡವರಿಗೆ ಅದರಲ್ಲಿ ಯಾವ ಪಾಲೂ ಇಲ್ಲ. ಇಬ್ಬರನ್ನೂ ಉಳಿಸಿದ್ದು ಊರಿನ ಒಬ್ಬ ಮುದುಕಿ, ಒಬ್ಬ ಆಶಾ ಕಾರ್ಯಕರ್ತೆ, ಮತ್ತೆ ಸರ್ಕಾರಿ ಆಸ್ಪತ್ರೆಯ ರಾತ್ರಿ ಪಾಳಿಯವರು.

ತಂಗಿ ಓದಿ, ಒಂದೆರಡು ಕಡೆ ತಿದ್ದಿ, ‘ಹಾಕು’ ಎಂದ ಮೇಲೆ ಹಾಕುತ್ತಿದ್ದೇನೆ. ಆ ‘ಹೆರಿಗೆ ಮಾರ್ಗದರ್ಶಕಿ’ಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ಪಾಡಿಗೆ ನಡೆಯಲಿ. ಇಂಥವರು ಹೆಸರು ಬದಲಾಯಿಸಿಕೊಂಡು ಮತ್ತೆ ಬರುತ್ತಾರೆ. ಆದರೆ ಮಾತು ಅದೇ ಇರುತ್ತದೆ. ಅದಕ್ಕೆ ಆ ಮಾತುಗಳನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮದು ಕೊಪ್ಪಳ ಜಿಲ್ಲೆ, ಗಂಗಾವತಿ ಕಡೆಯ ಕಾಲುವೆ ಸೀಮೆಯ ಒಂದು ಊರು. ತಂಗಿ ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಮೊದಲ ಮಗು ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿಸೇರಿಯನ್ ಆಯಿತು. ಸಂಜೆ ‘ನೀರು ಕಡಿಮೆಯಾಗಿದೆ’ ಎಂದರು, ರಾತ್ರಿಯೊಳಗೆ ಕೊಯ್ದರು. ಯಾಕೆ, ಏನು, ಬೇರೆ ದಾರಿ ಇತ್ತಾ ಎಂದು ಯಾರೂ ಕೂತು ಹೇಳಲಿಲ್ಲ. ಆ ಸಿಟ್ಟು ಅವಳಲ್ಲಿ ಹಾಗೇ ಉಳಿದಿತ್ತು. ಎರಡನೇ ಸಲ ಬಸುರಿಯಾದಾಗ ಅವಳ ಆಸೆ ಒಂದೇ: ಈ ಸಲ ನಾರ್ಮಲ್ ಆಗಬೇಕು.

ಅಷ್ಟರಲ್ಲಿ 2024ರ ನವೆಂಬರ್ ಬಂತು. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ. ಏರಿಸಿದ ಡ್ರಿಪ್ ಬಾಟಲಿಯ (ರಿಂಗರ್ ಲ್ಯಾಕ್ಟೇಟ್ ದ್ರಾವಣ) ಮೇಲೆ ಅನುಮಾನ ಬಂತು, ಸರ್ಕಾರ ಆ ಬಾಟಲಿಗಳ ಬಳಕೆ ನಿಲ್ಲಿಸಿತು. ನಮ್ಮ ಕಡೆ ಈ ಸುದ್ದಿ ಹುಟ್ಟಿಸಿದ ಭಯ ಬೇರೆ ಕಡೆಯವರಿಗೆ ಅರ್ಥವಾಗಲಿಕ್ಕಿಲ್ಲ. ಬಳ್ಳಾರಿ ನಮಗೆ ದೂರದ ಊರಲ್ಲ, ಕಾಯಿಲೆ ಜೋರಾದರೆ ಹೋಗುವ ಊರು. ಹೆರಿಗೆಗೆ ಆಸ್ಪತ್ರೆ ಎಂದರೆ ಹೆದರುವವರನ್ನು ನೋಡಿ ನಗಬೇಡಿ. ಅವರ ಭಯಕ್ಕೆ ಕಾರಣ ಇದೆ. ಆ ಭಯವನ್ನೇ ಮಾರಿಕೊಂಡು ಬದುಕುವವರ ಮೇಲೆ ನನ್ನ ಸಿಟ್ಟು.

ತಂಗಿಗೆ ಇನ್‌ಸ್ಟಾಗ್ರಾಂನಲ್ಲಿ ಈ ಮಹಿಳೆ ಸಿಕ್ಕಳು. ಮೊದಲು ವಿಡಿಯೊ, ಆಮೇಲೆ ವಾಟ್ಸಾಪ್ ಗುಂಪು, ಆಮೇಲೆ ಪ್ಯಾಕೇಜು. ವಿಡಿಯೊಗಳಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮ ಅವರ ಫೋಟೊ. 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ ಆಸ್ಪತ್ರೆಯ ಸೌಕರ್ಯ ಇಲ್ಲದ ಹಳ್ಳಿಗಳಲ್ಲಿ, ದುಡ್ಡು ಮುಟ್ಟದೆ ಹೆರಿಗೆ ಮಾಡಿಸಿದವರು. ಇವಳು ಅವರ ಫೋಟೊ ಹಾಕಿಕೊಂಡು ಕಂತಿನಲ್ಲಿ ಹಣ ಕೇಳುತ್ತಾಳೆ. ಇರಲಿ.

ಈಗ ಅವಳ ಮಾತುಗಳಿಗೆ ಬರುತ್ತೇನೆ.

‘ಬಿಪಿ ನೋಡಿದರೆ ಆ ಭಯಕ್ಕೇ ಬಿಪಿ ಏರುತ್ತದೆ, ನೋಡಿಸಬೇಡಿ.’ ಇದು ಮೊದಲನೆಯದು. ಕೇಳುವುದಕ್ಕೆ ಸರಿ ಅನಿಸುತ್ತದೆ, ಅಲ್ವಾ? ಆಸ್ಪತ್ರೆಯಲ್ಲಿ ಕೆಲವರಿಗೆ ಬಿಪಿ ಸ್ವಲ್ಪ ಜಾಸ್ತಿ ತೋರಿಸುವುದು ನಿಜ. ಹಾಗಾದರೆ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡುತ್ತಾರೆ. ನೋಡುವುದನ್ನೇ ಬಿಡುವುದಿಲ್ಲ. ಬಸುರಿಯ ಬಿಪಿ 140/90 ದಾಟಿದರೆ ಅದು ಎಚ್ಚರಿಕೆ, 160/110 ಮುಟ್ಟಿದರೆ ತುರ್ತು. ಇದರ ಕೆಟ್ಟ ಗುಣ ಏನೆಂದರೆ, ಎಷ್ಟೋ ಜನರಿಗೆ ಮೊದಮೊದಲು ಏನೂ ಗೊತ್ತಾಗುವುದೇ ಇಲ್ಲ. ಪಟ್ಟಿ ಕಟ್ಟಿ ನೋಡಿದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ.

‘ಮಾತ್ರೆ ಎಲ್ಲಾ ಕೆಮಿಕಲ್.’ ಹಾಗೆಂದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಬಿಡಿಸಿದಳು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಆ ಮಾತ್ರೆ ಕೊಡುವ ಕಾರಣಗಳಲ್ಲಿ ಬಿಪಿ ಏರದಂತೆ ತಡೆಯುವುದೂ ಒಂದು ಎಂದು ಆಮೇಲೆ ಡಾಕ್ಟರ್ ಹೇಳಿದರು.

‘ಆಶಾ ಬಂದರೆ ಬೆಂಗಳೂರಿನಲ್ಲಿ ತೋರಿಸುತ್ತಿದ್ದೇವೆ ಅನ್ನಿ. ಬೆಂಗಳೂರಿನವರು ಕೇಳಿದರೆ ತವರಿನಲ್ಲಿ ತೋರಿಸುತ್ತೇವೆ ಅನ್ನಿ.’ ಇದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ಮಾತು. ನಮ್ಮ ಕಡೆ ಹೆಣ್ಣುಮಕ್ಕಳು ಕುಬಸ ಮುಗಿಸಿಕೊಂಡು ತವರಿಗೆ ಬರುತ್ತಾರೆ. ಗಂಡನ ಊರಿನವರು ತವರಿನಲ್ಲಿ ನೋಡುತ್ತಾರೆ ಅಂದುಕೊಳ್ಳುತ್ತಾರೆ, ತವರಿನವರು ಅಲ್ಲಿ ಎಲ್ಲಾ ನೋಡಿಸಿದ್ದಾರೆ ಅಂದುಕೊಳ್ಳುತ್ತಾರೆ. ಆ ಸಂದಿನಲ್ಲಿ ತಿಂಗಳುಗಟ್ಟಲೆ ಯಾರೂ ನೋಡದೆ ಉಳಿದುಬಿಡಬಹುದು. ಬಸುರಿಯ ತಪಾಸಣೆ ಬರೆದಿಡುವ ‘ತಾಯಿ ಕಾರ್ಡ್’ ತಂಗಿಯ ಬಳಿ ಇತ್ತು, ಅದರಲ್ಲಿ ಐದನೇ ತಿಂಗಳ ನಂತರದ ಜಾಗ ಎಲ್ಲಾ ಖಾಲಿ. ನಿಮ್ಮ ಮನೆಗೆ ಮಗಳು ಬಂದಿದ್ದರೆ ಮೊದಲು ಆ ಕಾರ್ಡ್ ತೆಗೆದು ನೋಡಿ.

‘ಮೊದಲ ಸಲ ಕೊಯ್ದಿದ್ದರೂ ಪರವಾಗಿಲ್ಲ, ದೇಹಕ್ಕೆ ಎಲ್ಲಾ ಗೊತ್ತು.’ ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇದು ಅಪಾಯ. ಒಮ್ಮೆ ಸಿಸೇರಿಯನ್ ಆದವರಿಗೂ ನಾರ್ಮಲ್ ಆಗಬಹುದು. ಪ್ರಯತ್ನ ಮಾಡಿದವರಲ್ಲಿ ಹೆಚ್ಚಿನವರಿಗೆ ಆಗುತ್ತದೆ ಕೂಡ. ಹಿಂದಿನ ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಇರಬೇಕು, ನಡುವೆ ಸಾಕಷ್ಟು ಅಂತರ ಇರಬೇಕು, ಬಿಪಿಯಂಥ ಬೇರೆ ತೊಂದರೆ ಇದೆಯಾ ಎಂದು ನೋಡಬೇಕು. ಆದರೆ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಹರಿಯುವ ಸಾಧ್ಯತೆ ಸುಮಾರು 200ಕ್ಕೆ ಒಂದು. ಕಡಿಮೆ ಅನಿಸಬಹುದು. ಹರಿದರೆ ತಾಯಿಗೆ ಒಳಗೇ ರಕ್ತಸ್ರಾವ, ಮಗುವಿಗೆ ಉಸಿರು ಕಟ್ಟುತ್ತದೆ. ನಿಮಿಷಗಳಲ್ಲಿ ಹೊಟ್ಟೆ ಕೊಯ್ಯಬೇಕು. ಅದಕ್ಕೆ ಆಪರೇಷನ್ ಕೋಣೆ, ಅರಿವಳಿಕೆ ಡಾಕ್ಟರ್, ರಕ್ತ ಎಲ್ಲಾ ಒಂದೇ ಸೂರಿನಡಿ ಇರಬೇಕು. ತಂಗಿ ಬಯಸಿದ್ದು ತಪ್ಪಲ್ಲ. ಅವಳು ಕೇಳಿದ್ದನ್ನು ಆಸ್ಪತ್ರೆಯಲ್ಲೇ, ಮಗುವಿನ ಎದೆಬಡಿತ ನೋಡುತ್ತಾ, ಪ್ರಯತ್ನಿಸಬಹುದಿತ್ತು. ಅದನ್ನು ಅವಳಿಗೆ ಮೊದಲೇ ಯಾರಾದರೂ ಹೇಳಿದ್ದರೆ ಈ ಪ್ಯಾಕೇಜು ಮಾರಾಟವೇ ಆಗುತ್ತಿರಲಿಲ್ಲ.

‘ತುರ್ತು ಆದರೆ ಹತ್ತಿರದ ಆಸ್ಪತ್ರೆ ಇದ್ದೇ ಇದೆ.’ ಯಾವ ಆಸ್ಪತ್ರೆ? ರಾತ್ರಿ ಅಲ್ಲಿ ಅರಿವಳಿಕೆ ಕೊಡುವವರು ಇರುತ್ತಾರಾ? ರಕ್ತ ಎಲ್ಲಿಂದ ಬರಬೇಕು? ಒಂದಕ್ಕೂ ಉತ್ತರ ಬರೆದಿರಲಿಲ್ಲ. ನಮ್ಮೂರಿಂದ ತಾಲೂಕು ಆಸ್ಪತ್ರೆಗೆ ರಸ್ತೆ ಖಾಲಿ ಇದ್ದಾಗಲೇ ಮುಕ್ಕಾಲು ಗಂಟೆ. ಬೇಸಿಗೆ ಭತ್ತದ ಕೊಯ್ಲಿನಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಉಳಿದರ್ಧದಲ್ಲಿ ಕೊಯ್ಲು ಮಷಿನ್ ಬರುತ್ತಿರುತ್ತದೆ.

ಎಲ್ಲಕ್ಕಿಂತ ಕೊನೆಗೆ ಕೊರಿಯರ್‌ನಲ್ಲಿ ಒಂದು ಡಬ್ಬ ಬಂತು. ರಬ್ಬರ್ ಹಾಳೆ, ದಾರ, ಬ್ಲೇಡು, ಎಣ್ಣೆ. ಜೊತೆಗೆ ಚಿಕ್ಕ ಗಾಜಿನ ಆಂಪೂಲು, ಸಿರಿಂಜು. ‘ನೋವು ತಡವಾದರೆ ಊರಿನ ಆರ್‌ಎಂಪಿ ಕೈಯಲ್ಲಿ ಹಾಕಿಸಿ’ ಎಂದು ಮೆಸೇಜು (ಆರ್‌ಎಂಪಿ ಎಂದರೆ ಡಾಕ್ಟರ್ ಡಿಗ್ರಿ ಇಲ್ಲದ ಊರ ವೈದ್ಯ). ಆಂಪೂಲಿನಲ್ಲಿ ಇದ್ದದ್ದು ಆಕ್ಸಿಟೋಸಿನ್, ಗರ್ಭಕೋಶ ಹಿಂಡುವಂತೆ ಮಾಡುವ ಔಷಧಿ. ತಣ್ಣಗೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಿ ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಕೊರಿಯರ್ ಗಾಡಿಯಲ್ಲಿ ಬಂದಿತ್ತು. ಅದು ಸಣ್ಣ ವಿಷಯ. ಹೆರಿಗೆಗೆ ಮುಂಚೆ ಅದನ್ನು ಅಳತೆಯಿಲ್ಲದೆ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ. ಮೊದಲೇ ಹೊಲಿಗೆ ಇರುವ ಗರ್ಭಕೋಶ ಹರಿದುಹೋಗಬಹುದು. ಆಸ್ಪತ್ರೆಯಲ್ಲಿ ಇದೇ ಔಷಧಿಯನ್ನು ಹನಿ ಹನಿಯಾಗಿ, ಮಗುವಿನ ಎದೆಬಡಿತ ನೋಡಿಕೊಂಡು ಕೊಡುತ್ತಾರೆ. ಮಗು ಹೊರಗೆ ಬಂದ ಮೇಲೆ ರಕ್ತಸ್ರಾವ ತಡೆಯಲು ಇದೇ ಜೀವ ಉಳಿಸುತ್ತದೆ. ಯಾವಾಗ, ಎಷ್ಟು ಎಂಬುದರಲ್ಲೇ ಎಲ್ಲಾ ಇದೆ.

ಹೆರಿಗೆಗೆ ಇನ್ನೂ ಎರಡು ವಾರ ಇರುವಾಗ ತಂಗಿಯ ಮುಖ ಬಾತುಕೊಂಡಿತು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರಲಿಲ್ಲ. ತಲೆನೋವು ಶುರುವಾಗಿದ್ದು ಇಳಿಯಲೇ ಇಲ್ಲ. ಕಣ್ಣ ಮುಂದೆ ಮಿಣಿಮಿಣಿ ಅನ್ನುತ್ತದೆ ಎಂದಳು. ಎದೆಗೂಡಿನ ಕೆಳಗೆ ಉರಿ. ಮಾರ್ಗದರ್ಶಕಿಗೆ ಫೋನು ಮಾಡಿದರೆ, ‘ದೇಹ ತೆರೆದುಕೊಳ್ಳುತ್ತಿದೆ, ಎಳನೀರು ಕುಡಿ, ಕತ್ತಲ ಕೋಣೆಯಲ್ಲಿ ಮಲಗು’ ಎಂದಳು. ಸಂಜೆಗೆ ಸಣ್ಣಗೆ ನೋವೂ ಬಂತು.

ಅವ್ವ ಊರಿನ ಸೂಲಗಿತ್ತಿ ಆಯಿಯನ್ನು ಕರೆಸಿದರು. ನನ್ನನ್ನೂ ತಂಗಿಯನ್ನೂ ಹಿಡಿದು ಓಣಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಆಯಿ ಹೊಟ್ಟೆ ಮುಟ್ಟಲು ಸೀರೆ ಸರಿಸಿದರು, ಹಳೆಯ ಗಾಯ ಕಂಡಿತು. ಕೈ ಹಿಂದಕ್ಕೆ ತೆಗೆದುಕೊಂಡರು. ‘ಒಮ್ಮಿ ಹೊಟ್ಟಿ ಕೊಯ್ದಾಕಿಗೆ ನಾ ಕೈ ಹಚ್ಚಂಗಿಲ್ಲವ್ವ. ಮಾರಿ ನೋಡು ಹೆಂಗ ಬಾತೈತಿ. ಈಗಿಂದೀಗ ದವಾಖಾನಿಗೆ ಒಯ್ರಿ’ ಎಂದರು. ತಂಗಿ ಗೋಗರೆದಳು. ಆಯಿ ಜಗ್ಗಲಿಲ್ಲ. ‘ನಿನ್ನ ಫೋನಿನಾಕಿ ಇಲ್ಲಿ ಬರ್ತಾಳೇನು?’ ಎಂದು ಕೇಳಿದರು. ಅದಕ್ಕೆ ತಂಗಿಯ ಬಳಿ ಉತ್ತರ ಇರಲಿಲ್ಲ. ಓದು ಬರಹ ಇಲ್ಲದ ಆಯಿಗೆ ತನ್ನ ಕೈ ಎಲ್ಲಿಗೆ ನಿಲ್ಲಬೇಕು ಎಂದು ಗೊತ್ತಿತ್ತು. ಸರ್ಟಿಫಿಕೇಟಿನ ಮೇಲೆ ಸರ್ಟಿಫಿಕೇಟು ತೋರಿಸುವ ಆ ಮಹಿಳೆ ‘ಇದು ನನ್ನಿಂದ ಆಗದು’ ಎಂದು ಒಮ್ಮೆಯೂ ಹೇಳಲಿಲ್ಲ.

ಆಶಾ ಅಕ್ಕ ಉಪಕೇಂದ್ರದ ಸಿಸ್ಟರನ್ನು ಕರೆದುಕೊಂಡು ಬಂದರು. ಬಿಪಿ 170/114. ಸಿಸ್ಟರ್ ಮಾತಾಡದೆ ಮತ್ತೊಮ್ಮೆ ನೋಡಿದರು, 108ಕ್ಕೆ ಫೋನು ಮಾಡಿದರು. ತಾಲೂಕು ಆಸ್ಪತ್ರೆಯಲ್ಲಿ ಮೂತ್ರ ನೋಡಿದರು, ಪ್ರೋಟೀನ್ ಮೂರು ಪ್ಲಸ್. ಫಿಟ್ಸ್ ಬರದಂತೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು, ಬಿಪಿ ಇಳಿಸುವ ಔಷಧಿ ಕೊಟ್ಟು, ಅದೇ ರಾತ್ರಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಸೇರಿಯನ್. ಹಳೆಯ ಹೊಲಿಗೆಯ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು ಎಂದು ಡಾಕ್ಟರ್ ಹೇಳಿದರು. ನಾನು ಆ ಆಂಪೂಲಿನ ವಿಷಯ ಹೇಳಿದೆ. ‘ಹಾಕಿಲ್ಲ ತಾನೆ?’ ಎಂದು ಎರಡು ಸಲ ಕೇಳಿದರು.

ಮಗು 2.2 ಕಿಲೋ ಇತ್ತು. ಕೆಲವು ದಿನ ನವಜಾತ ಶಿಶು ಘಟಕದಲ್ಲಿ ಇಟ್ಟುಕೊಂಡರು. ಆಪರೇಷನ್ನು, ಔಷಧಿ, ರಕ್ತ, ಊಟ ಯಾವುದಕ್ಕೂ ದುಡ್ಡು ಕೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಇದೆಲ್ಲಾ ಉಚಿತ ಎಂಬ ಯೋಜನೆ 2011ರಿಂದಲೇ ಇದೆ. ವಾರ್ಡಿನಲ್ಲಿ ಜನ ಜಾಸ್ತಿ, ಗದ್ದಲ ಜಾಸ್ತಿ, ಒಬ್ಬ ಆಯಾ ಸಿಡುಕಿನವರು. ಅದನ್ನೂ ಮುಚ್ಚಿಡುವುದಿಲ್ಲ.

ಮಾರ್ಗದರ್ಶಕಿಗೆ ವಿಷಯ ತಿಳಿಸಿದಾಗ ಬಂದ ಉತ್ತರ: ‘ನೀವು ಭಯ ಬಿದ್ದಿರಿ, ಅದಕ್ಕೇ ಹೀಗಾಯಿತು.’ ಮರುದಿನ ತಂಗಿಯನ್ನು ಗುಂಪಿನಿಂದ ತೆಗೆದಿದ್ದರು. ‘ಪೂರ್ತಿ ಜವಾಬ್ದಾರಿ ನನ್ನದೇ’ ಎಂದು ದುಡ್ಡು ಹಾಕುವಾಗಲೇ ತಂಗಿಯಿಂದ ಮೆಸೇಜು ಬರೆಸಿಕೊಂಡಿದ್ದರು. ದುಡ್ಡು ವಾಪಸ್ ಬಂದಿಲ್ಲ.

ಹೆರಿಗೆಯಾದ ಮೇಲೂ ಇದು ಮುಗಿಯುವುದಿಲ್ಲ ಎಂಬುದು ನಮಗೆ ಹೊಸದು. ಈ ಬಿಪಿಗೆ ಮದ್ದು ಹೆರಿಗೆಯೇ. ಆದರೂ ಅದು ಇಳಿಯಲು ಸಮಯ ಬೇಕು. ಬಾಣಂತಿಗೆ ಆರು ವಾರದೊಳಗೆ ಯಾವಾಗ ಬೇಕಾದರೂ ಏರಬಹುದು, ಫಿಟ್ಸ್ ಕೂಡ ಬರಬಹುದು. ನಮ್ಮ ಮನೆಗಳಲ್ಲಿ ಬಾಣಂತಿಗೆ ತಲೆನೋವು ಎಂದರೆ ‘ಗಾಳಿ ಹೊಕ್ಕಿದೆ’ ಎಂದು ಕಿವಿಗೆ ಹತ್ತಿ ಇಟ್ಟು, ಕಿಟಕಿ ಮುಚ್ಚಿ, ಹೊಗೆ ಹಾಕುತ್ತಾರೆ. ಹಾಗೆ ಮಾಡುವ ಮೊದಲು ಬಿಪಿ ನೋಡಿಸಿ. ತಂಗಿಗೆ ಮನೆಗೆ ಬಂದ ಮೇಲೂ ಮಾತ್ರೆ ನಡೆದಿತ್ತು. ಆಶಾ ಅಕ್ಕ ಬಂದು ನೋಡಿ ಹೋಗುತ್ತಿದ್ದರು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಹಿಂದೆ ಸಿಸೇರಿಯನ್ ಆಗಿದ್ದರೆ ಹಳೆಯ ಡಿಸ್ಚಾರ್ಜ್ ಚೀಟಿ ಒಯ್ಯಿರಿ, ‘ನಾರ್ಮಲ್ ಪ್ರಯತ್ನ ಮಾಡಬಹುದಾ, ಎಲ್ಲಿ ಮಾಡಬಹುದು’ ಎಂದು ನೇರವಾಗಿ ಕೇಳಿ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ, ಮಾಸು ಕೆಳಗಿದೆ, ಮಗು ಅಡ್ಡ ಇದೆ, ಅವಳಿ ಇದೆ ಎಂದು ಬರೆದಿದ್ದರೆ ಮನೆಯ ಮಾತೇ ಬೇಡ. ರಾತ್ರಿ ಅನುಮಾನ ಬಂದರೆ 104ಕ್ಕೆ ಕೇಳಿ. ಮೇಲೆ ಬರೆದ ಲಕ್ಷಣ ಕಂಡರೆ ಕೇಳುತ್ತಾ ಕೂರಬೇಡಿ, 108.

ನಾವು ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಟ್ಟಿದ್ದೇವೆ. ಹಣ ಹಾಕಿದ ದಾಖಲೆ, ಮೆಸೇಜುಗಳು, ಆ ಆಂಪೂಲಿನ ಫೋಟೊ ಜೊತೆಗಿವೆ. ಇಂಥದ್ದೇ ಪ್ಯಾಕೇಜಿಗೆ ದುಡ್ಡು ಕಟ್ಟಿದವರು ಇದ್ದರೆ ಚಾಟ್ ಅಳಿಸಬೇಡಿ. ಅವರು ನಿಮ್ಮನ್ನು ಗುಂಪಿನಿಂದ ತೆಗೆಯುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.