‘ಮೂವತ್ತು ದಿನದಲ್ಲಿ ನಡೆಸ್ತೀವಿ’ ಅನ್ನೋರಿಗೆ ದುಡ್ಡು ಕಟ್ಟಬೇಡಿ

ಮೈಸೂರು, ಮಂಡ್ಯ ಕಡೆ ಯಾರ ಮನೆಯಲ್ಲಾದರೂ ಸ್ಟ್ರೋಕ್ ಆಗಿದ್ದು, ಮನೆಗೇ ಬಂದು ನಡೆಸಿಕೊಡ್ತೀವಿ ಅನ್ನುವ ‘ಪ್ಯಾಕೇಜ್’ನವರು ಬೆನ್ನು ಬಿದ್ದಿದ್ದರೆ ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಸಿಟ್ಟು ಅದಕ್ಕಿಂತ ಜಾಸ್ತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಎಡಗಡೆ ಕೈಕಾಲು ಬಿದ್ದುಹೋಗಿತ್ತು. ಕೆ.ಆರ್. ಆಸ್ಪತ್ರೆಯಿಂದ ಮಂಡ್ಯದ ಮನೆಗೆ ಕಳಿಸುವಾಗ ಫಿಸಿಯೋ ಮೇಡಂ ಬಿಡಿಸಿ ಹೇಳಿದ್ದರು. ಮೊದಲು ಮಂಚದ ಅಂಚಿನಲ್ಲಿ ಆಸರೆ ಇಲ್ಲದೆ ಕೂರಲಿ. ಆಮೇಲೆ ನಿಲ್ಲಲಿ, ಎಡಗಾಲಿನ ಮೇಲೆ ಭಾರ ಹಾಕಲಿ. ನಡಿಗೆ ಅದಾದ ಮೇಲೆ. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಮಾಡಿಸಿ. ಎಡಗೈ ಹಿಡಿದು ಮಾತ್ರ ಎಳೀಬೇಡಿ.

ಅಷ್ಟರಲ್ಲಿ ಮಾವ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದರು. ಯಾರೋ ಅಜ್ಜ ಹಾಲ್‌ನಲ್ಲಿ ನಡೆಯುತ್ತಿದ್ದಾರೆ, ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತದೆ. ಕೆಳಗೆ ಮೈಸೂರಿನ ಒಂದು ನಂಬರ್. ಫೋನ್ ಮಾಡಿದೆ.

“ಮೇಡಂ, ಇಪ್ಪತ್ನಾಲ್ಕು ಗಂಟೆ ಒಳಗೇ ಎಬ್ಬಿಸಿ ನಡೆಸಬೇಕಿತ್ತು. ಆಸ್ಪತ್ರೆಯವ್ರು ಮಲಗಿಸಿ ಹಾಳು ಮಾಡವ್ರೆ. ಇನ್ನು ಒಂದೊಂದು ದಿನ ಹೋದ್ರೂ ನರ ಸತ್ತೋಗುತ್ತೆ.”

ಈ ಮಾತು ಕೇಳಿದ ಮೇಲೆ ಯಾವ ಮಗಳು ಸುಮ್ನೆ ಕೂರ್ತಾಳೆ ಹೇಳಿ? 28,000 ರೂಪಾಯಿ, ಪೂರ್ತಿ ಮುಂಗಡ, ಗೂಗಲ್ ಪೇನಲ್ಲಿ. ರಸೀದಿ ಕೇಳಿದರೆ “ಸ್ಕ್ರೀನ್‌ಶಾಟೇ ರಸೀದಿ ಮೇಡಂ” ಅಂದರು.

ಆ ಇಪ್ಪತ್ನಾಲ್ಕು ಗಂಟೆ ಕಥೆ ಪೂರ್ತಿ ಬುರುಡೆ. ಡಾಕ್ಟರ್ ಆಮೇಲೆ ಹೇಳಿದರು, ನಾನೂ ಹುಡುಕಿ ಓದಿದೆ. ಅವರ್ಟ್ ಅಂತ ಒಂದು ದೊಡ್ಡ ಅಧ್ಯಯನ, 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. 5 ದೇಶ, 56 ಆಸ್ಪತ್ರೆ, 2,104 ರೋಗಿಗಳು. 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಜಾಸ್ತಿ ಓಡಾಡಿಸಿದವರಲ್ಲಿ 3 ತಿಂಗಳ ನಂತರ ಚೇತರಿಸಿಕೊಂಡು ಚೆನ್ನಾಗಿದ್ದವರು ನೂರಕ್ಕೆ 46. ಮಾಮೂಲಿ ಆರೈಕೆ ಪಡೆದವರಲ್ಲಿ 50. ಹಾಗಂತ ಮಲಗಿಸಿಯೇ ಇಡಿ ಅಂತಲ್ಲ. ಆದರೆ ಎಳೆದಾಡಿ ನಡೆಸಿದರೆ ಬೇಗ ವಾಸಿ ಅನ್ನೋದು ಸುಳ್ಳು.

ಬಂದವನು ಇಪ್ಪತ್ತು ದಾಟದ ಹುಡುಗ. ಬಿಪಿ ನೋಡಲಿಲ್ಲ, ಆಸ್ಪತ್ರೆ ಫೈಲ್ ಕೊಟ್ಟರೆ ತೆರೆಯಲೂ ಇಲ್ಲ. “ಏಳಿ ತಾತಾ, ಏಳಿ” ಅಂತ ಎಡಗೈ ಹಿಡಿದೇ ಎಬ್ಬಿಸಿದ. ಎಳೀಬೇಡ ಅಂದಿದ್ದಾರೆ ಕಣಪ್ಪಾ ಅಂದೆ. “ಕೈಗೂ ಎಕ್ಸರ್‌ಸೈಜ್ ಆಗುತ್ತೆ ಅಕ್ಕ” ಅಂದ. ಅಪ್ಪನ ಎಡಪಾದ ಮೇಲೆ ಏಳುತ್ತಲೇ ಇರಲಿಲ್ಲ. ಹೆಬ್ಬೆರಳು ನೆಲಕ್ಕೆ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿತ್ತು.

ಎರಡನೇ ವಾರ ಜೊತೆಗೆ ಇನ್ನೊಬ್ಬ ಬಂದ, ಫೋನ್ ಹಿಡಿದುಕೊಂಡು. “ನೀವು ಆ ಕಡೆ ನಿಂತ್ಕೊಳಿ ಮೇಡಂ, ಫ್ರೇಮ್‌ಗೆ ಬರ್ತೀರ.” ಹುಡುಗ ಅಪ್ಪನ ಬೆನ್ನಿಗೆ ಅಂಟಿ ನಿಂತ. ಪೈಜಾಮದ ಸೊಂಟವನ್ನು ಮುಷ್ಟಿಯಲ್ಲಿ ತಿರುಚಿ ಮೇಲಕ್ಕೆ ಎತ್ತಿದ. ತನ್ನ ಪಾದದಿಂದ ಅಪ್ಪನ ಎಡಹಿಮ್ಮಡಿಯನ್ನು ಮುಂದಕ್ಕೆ ತಳ್ಳಿದ. ಒಂದು ಹೆಜ್ಜೆ. ಮತ್ತೆ ತಳ್ಳಿದ, ಇನ್ನೊಂದು ಹೆಜ್ಜೆ. ಕ್ಯಾಮೆರಾದವನು ಕೆಳಗೆ ಕುಕ್ಕರಗಾಲಲ್ಲಿ ಕೂತು ಸೊಂಟದಿಂದ ಕೆಳಗೆ ಮಾತ್ರ ತೆಗೆಯುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೋದ ತಕ್ಷಣ ಮಾವ ಕಳಿಸಿದ್ದ ಹಳೇ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿದೆ. ಆ ಅಜ್ಜನ ಹಿಮ್ಮಡಿಯ ಹಿಂದೆಯೂ ಇನ್ಯಾರದೋ ಕಾಲ್ಬೆರಳುಗಳು! ಅಷ್ಟು ಸಲ ನೋಡಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. ಸಂಜೆ ಅವರ ಸ್ಟೇಟಸ್‌ನಲ್ಲಿ ನಮ್ಮಪ್ಪ. ‘ಮಂಡ್ಯದ ತಾತ, ಎರಡೇ ವಾರಕ್ಕೆ ವಾಕಿಂಗ್!’ ಅಪ್ಪ ಇತ್ತ ಭುಜ ಹಿಡಿದುಕೊಂಡು ನರಳುತ್ತಿದ್ದರು.

ಎಕ್ಸ್‌ರೇ ತೆಗೆಸಿದರೆ ಭುಜದ ಕೀಲು ಕೆಳಕ್ಕೆ ಜಾರಿದೆ. ಸ್ಟ್ರೋಕ್ ಆದ ಕಡೆ ಭುಜದ ಸ್ನಾಯುಗಳು ಸಡಿಲ ಆಗಿರುತ್ತವೆ, ಕೈ ಎಳೆದರೆ ಹೀಗೇ ಆಗೋದು ಅಂದರು ಡಾಕ್ಟರ್.

ಇನ್ನು ಅವರ ಉತ್ತರಗಳನ್ನು ಕೇಳಿ.

ನೋವಿದೆ ಅಂದರೆ: “ಒಳ್ಳೇದೇ ಮೇಡಂ, ನರ ಎಚ್ಚರ ಆಗ್ತಿದೆ.”

ಹುಡುಗ ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಓದಿದ್ದಾನಾ ಅಂತ ಕೇಳಿದರೆ: “ನಮ್ಮಲ್ಲೇ ಟ್ರೇನಿಂಗ್ ಆಗಿದೆ.”

ಎಕ್ಸ್‌ರೇ ಕಳಿಸಿದರೆ: “ನಿಮ್ ತಂದೆಗೆ ವಿಲ್ ಪವರ್ ಕಮ್ಮಿ.” ಅಲ್ಲ, ಭುಜ ಜಾರಿದ್ದಕ್ಕೂ ವಿಲ್ ಪವರ್‌ಗೂ ಏನು ಸಂಬಂಧ?

ದುಡ್ಡು ವಾಪಸ್ ಕೊಡಿ ಅಂದರೆ: “ರಿಫಂಡ್ ಇಲ್ಲ. ಬೇಕಿದ್ರೆ ಉಳಿದ ದಿನ ಬೇರೆ ಪೇಷಂಟ್‌ಗೆ ಟ್ರಾನ್ಸ್‌ಫರ್ ಮಾಡ್ಕೊಳಿ.” ಯಾರಿಗೆ ಮಾಡಲಿ? ಪಕ್ಕದ ಮನೆಯವರಿಗೂ ಸ್ಟ್ರೋಕ್ ಆಗಲಿ ಅಂತ ಕಾಯಬೇಕಾ?

ಹೋಗಲಿ, ವಿಡಿಯೋನಾದರೂ ತೆಗೀರಿ ಅಂದೆ. “ಮುಖ ಕಾಣಲ್ವಲ್ಲಾ ಮೇಡಂ, ಏನ್ ಪ್ರಾಬ್ಲಮ್?” ಅಂದು ಬ್ಲಾಕ್ ಮಾಡಿದರು.

ಪೂರ್ತಿ ಮುಂಗಡ ಕೇಳುವವರಿಗೆ ಒಂದು ಪೈಸೆ ಕೊಡಬೇಡಿ, ಬಂದ ದಿನಕ್ಕೆ ಅಂದಂದೇ ಕೊಡಿ. ಬಾಗಿಲಲ್ಲಿ ನಿಂತವನದೇ ಬಿಪಿಟಿ ಸರ್ಟಿಫಿಕೇಟ್ ಕೇಳಿ, ಫೋನ್‌ನಲ್ಲಿ ಮಾತಾಡಿದವನದಲ್ಲ. ಬಲ ಇಲ್ಲದ ಕಡೆ ನಿಂತು ಸೊಂಟಕ್ಕೆ ಬೆಲ್ಟ್ ಹಾಕಿ ಹಿಡಿಯುತ್ತಾರಾ ನೋಡಿ. ಬಿದ್ದ ಕೈ ಎಳೆದರೆ ಆವತ್ತೇ ಆಚೆ ಕಳಿಸಿ. ಕಾಲು ಮಾತ್ರ ತೋರಿಸುವ ವಿಡಿಯೋ ನಂಬಲೇಬೇಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಎಕ್ಸ್‌ರೇ, ಮೆಸೇಜ್‌ಗಳು, ಅವರೇ ರಸೀದಿ ಅಂದ ಆ ಸ್ಕ್ರೀನ್‌ಶಾಟ್, ಎಲ್ಲ ಎತ್ತಿಟ್ಟಿದ್ದೇನೆ. ಇಂಥ ಪ್ಯಾಕೇಜ್‌ಗೆ ದುಡ್ಡು ಕಳೆದುಕೊಂಡವರು ಇದ್ದರೆ ನೀವೂ ದೂರು ಕೊಡಿ. ನನ್ನೊಬ್ಬಳ ದೂರಿಗೆ ಹೆದರೋ ಜನ ಅಲ್ಲ ಅವರು.