ತೊಡೆ ಕರಗಿಸುವ ಕೊರಿಯನ್ ಕಷಾಯ: ಪೊಟ್ಟಣ ಕತ್ತರಿಸುವ ಮುನ್ನ

ಸೊಂಟದಿಂದ ಕೆಳಗಷ್ಟೇ ಸೇರುವ ಬೊಜ್ಜಿಗೆ ಕೊರಿಯಾದಲ್ಲಿ ‘ಹಾಚೆ ಬಿಮಾನ್’ ಎನ್ನುತ್ತಾರೆ (ನಮ್ಮ ವಿಮಾನಕ್ಕೂ ಇದಕ್ಕೂ ನಂಟಿಲ್ಲ). ಅಲ್ಲಿನ ಸಾಂಪ್ರದಾಯಿಕ ವೈದ್ಯರು ಇದಕ್ಕೆ ಸೂಜಿ ಚುಚ್ಚುತ್ತಾರೆ, ಬಟ್ಟಲು ಹಚ್ಚುತ್ತಾರೆ (ಚರ್ಮವನ್ನು ಹೀರಿ ಹಿಡಿಯುವ ಕಪ್ಪಿಂಗ್), ಕುದಿಸಿ ಸೀಲ್ ಮಾಡಿದ ಕಷಾಯದ ಪೊಟ್ಟಣ ಕೊಡುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಪೊಟ್ಟಣದಲ್ಲಿ. ಅದರಲ್ಲೂ ನಾಡಿ ನೋಡಿಸದೆ ಪಾರ್ಸೆಲ್ ತರಿಸಿಕೊಂಡಾಗ, ಇಲ್ಲವೇ ಗೆಳತಿ ಕುಡಿದು ಉಳಿಸಿದ್ದನ್ನು ಮುಗಿಸಲು ಹೊರಟಾಗ.

ತೂಕ ಇಳಿಸುವ ಕಷಾಯಗಳಲ್ಲಿ ಹಸಿವನ್ನು ಅಡಗಿಸುವುದು ಬಹುಪಾಲು ಮಾಹ್ವಾಂಗ್, ಅಂದರೆ ಎಫೆಡ್ರಾ ಕಡ್ಡಿ. ಕೆಲಸ ಮಾಡುವುದು ಅದರೊಳಗಿನ ಎಫೆಡ್ರಿನ್ ಎಂಬ ಉತ್ತೇಜಕ. ಎದೆ ಡವಡವ, ಬಾಯಿ ಒಣಗುವುದು, ಕೈನಡುಕ, ರಾತ್ರಿ ಎರಡಾದರೂ ಕಣ್ಣು ಮುಚ್ಚದಿರುವುದು – ಇದನ್ನೆಲ್ಲ ‘ಕೊಬ್ಬು ಕರಗುತ್ತಿದೆ’ ಎಂದುಕೊಂಡು ಸಹಿಸುವವರಿದ್ದಾರೆ. ಕರಗುತ್ತಿರುವುದು ಕೊಬ್ಬಲ್ಲ, ನಿಮ್ಮ ನಿದ್ದೆ. ಮೇಲಿಂದ ಮೇಲೆ ಫಿಲ್ಟರ್ ಕಾಫಿ, ಕಟ್ಟಿದ ಮೂಗಿಗೆ ಸೂಡೊಎಫೆಡ್ರಿನ್ ಮಾತ್ರೆ ಸೇರಿದರೆ ಬಿಪಿ ಇನ್ನೂ ಏರುತ್ತದೆ. ಬಿಪಿ, ಹೃದಯದ ತೊಂದರೆ, ಹೈಪರ್‌ಥೈರಾಯ್ಡ್ ಇದ್ದವರು, ಗರ್ಭಿಣಿಯರು ಮುಟ್ಟಬೇಡಿ. ಅಮೆರಿಕ ಆಹಾರ ಪೂರಕಗಳಲ್ಲಿ ಎಫೆಡ್ರಾವನ್ನು 2004ರಲ್ಲೇ ನಿಷೇಧಿಸಿತು.

ಮೊದಲ ವಾರ ತೂಕದ ಯಂತ್ರ ಎರಡು ಕಿಲೋ ಕಡಿಮೆ ತೋರಿಸಿತೆಂದು ಹಿಗ್ಗಬೇಡಿ. ಕಷಾಯದಲ್ಲಿ ದೇಹ್ವಾಂಗ್ (ಗ್ರಂಥಿಗೆ ಅಂಗಡಿಯ ರೇವಲ್ಚಿನ್ನಿಯ ದಾಯಾದಿ) ಇದ್ದರೆ ಭೇದಿಯಲ್ಲಿ ಹೋದದ್ದು ನೀರು, ಜೊತೆಗೆ ಪೊಟ್ಯಾಸಿಯಂ. ಕುಡಿಯುವುದು ನಿಲ್ಲಿಸಿದ ಕೆಲವೇ ದಿನಕ್ಕೆ ಪಾದದ ಗಂಟಿನ ಮೇಲೆ ಸಾಕ್ಸಿನ ಗೀರು ಮತ್ತೆ ಮೂಡುತ್ತದೆ. ತೊಡೆಯನ್ನೇ ಆರಿಸಿ ಕರಗಿಸುವ ಬೇರು ಯಾವುದೂ ಇಲ್ಲ.

ಬೇರು ಅದಲುಬದಲಾದರೆ ಇನ್ನೂ ಕಷ್ಟ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಸ್ಲಿಮ್ಮಿಂಗ್ ಕ್ಲಿನಿಕ್ಕೊಂದರಲ್ಲಿ ಚೀನೀ ಬೇರೊಂದರ ಜಾಗಕ್ಕೆ ಹೆಸರು ಹೋಲುವ ಅರಿಸ್ಟೊಲೋಕಿಯಾ ಎಂಬ ವಿಷದ ಗಿಡದ ಬೇರು ಬಂದು, ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು.

ಅಷ್ಟಕ್ಕೂ ಅದು ಬೊಜ್ಜೇನಾ? ಮೊಣಕಾಲ ಕೆಳಗಿನ ಮುಂಗಾಲ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡ್ ಒತ್ತಿ. ಗುಳಿ ಉಳಿದರೆ ಅದು ನೀರು. ಹೃದಯ, ಕಿಡ್ನಿ, ಲಿವರ್ ತೋರಿಸಿಕೊಳ್ಳಿ. ಎರಡೂ ಕಾಲು ಸಮನಾಗಿ ದಪ್ಪಗಿದ್ದು, ಪಾದ ಮಾತ್ರ ತೆಳ್ಳಗಿದ್ದು, ಮುಟ್ಟಿದರೆ ನೋವು, ಸಣ್ಣ ಏಟಿಗೂ ನೀಲಿಗಟ್ಟುತ್ತಿದ್ದರೆ ಲಿಪೆಡಿಮಾ (ಕಾಲಿನಲ್ಲಿ ಕೊಬ್ಬು ಅಸಹಜವಾಗಿ ಸೇರುವ ಕಾಯಿಲೆ) ಇರಬಹುದು. ಅಂಥ ಕಾಲಿಗೆ ಬಟ್ಟಲು ಹಚ್ಚಿಸಿಕೊಂಡರೆ ಸಿಗುವುದು ಇನ್ನಷ್ಟು ನೀಲಿ ಕಲೆ. ಒಂದೇ ಕಾಲು ದಿಢೀರ್ ಊದಿ ಬಿಸಿಯಾಗಿದ್ದರೆ ತಿಕ್ಕಬೇಡಿ, ಬಟ್ಟಲೂ ಬೇಡ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ.

ಕುಡಿಯಲೇಬೇಕೆಂದಿದ್ದರೆ ಯಾವ ಬೇರು, ದಿನಕ್ಕೆ ಎಷ್ಟು ಗ್ರಾಂ ಎಂದು ಬರೆಸಿಕೊಳ್ಳಿ. ‘ಗುಟ್ಟಿನ ಸೂತ್ರ’ ಎಂದರೆ ಎದ್ದು ಬನ್ನಿ.