ಕೂದಲು ನೋಡದೆ ಕಾಲಿನ ಬಲ ನೋಡಿದ ಜಿಮ್

ಮೈಸೂರಿನ ನಮ್ಮ ಬಡಾವಣೆಯಲ್ಲಿ ಅರವತ್ತು ದಾಟಿದವರಿಗೆಂದೇ ಬೆಳಿಗ್ಗೆ ಏಳರಿಂದ ಎಂಟರವರೆಗೆ ತರಗತಿ ನಡೆಸುವ ಜಿಮ್ಮಿಗೆ ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ನನಗೀಗ 68 ವರ್ಷ. ಹಿಂದೆ ಸೇರಿದ್ದ ಇನ್ನೊಂದು ಕಡೆ ನನ್ನ ನರೆಗೂದಲು ಕಂಡೊಡನೆ, “ಅಜ್ಜಿ, ನೀವು ಸೈಕಲ್ ತುಳಿದರೆ ಸಾಕು, ಭಾರ ಎತ್ತೋದೆಲ್ಲ ಬೇಡ” ಎಂದು ಮೂಲೆಗೆ ಕಳುಹಿಸಿದ್ದರು. ಆ ಮಾತಿನಲ್ಲಿ ಅಕ್ಕರೆಯಿತ್ತು. ಆದರೆ ನನ್ನಿಂದ ಏನಾಗುತ್ತದೆ ಎಂದು ಒಮ್ಮೆಯಾದರೂ ಪರೀಕ್ಷಿಸಿ ನೋಡಿರಲಿಲ್ಲ.

ಇಲ್ಲಿನ ತರಬೇತುದಾರರು ಮೊದಲ ದಿನ ರಕ್ತದೊತ್ತಡ, ಮಂಡಿನೋವು, ಹಳೆಯ ಶಸ್ತ್ರಚಿಕಿತ್ಸೆಗಳ ಬಗ್ಗೆ ವಿಚಾರಿಸಿ, ವೈದ್ಯರ ಚೀಟಿ ನೋಡಿದ ಬಳಿಕ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲೆನೆಂದು ಎಣಿಸಿದರು. ಅಂದು ಒಂಬತ್ತು ಸಲ ಆಯಿತು. ಕಳೆದ ವಾರ ಹದಿನಾಲ್ಕು. ಯಾರಿಗೆ ಎಷ್ಟು ಭಾರ ಎಂಬುದು ಈ ಲೆಕ್ಕದ ಮೇಲೆಯೇ ತೀರ್ಮಾನವಾಗುವುದರಿಂದ, 74ರ ಹಿರಿಯರೊಬ್ಬರು ನನಗಿಂತ ಹೆಚ್ಚು ಎತ್ತುತ್ತಾರೆ, 61ರವರೊಬ್ಬರು ಕಡಿಮೆ ಎತ್ತುತ್ತಾರೆ. ಒಂದು ಕಿಲೋ ಡಂಬೆಲ್ ಹಿಡಿದು ಆರಂಭಿಸಿದ ನಾನು ಈಗ ನಾಲ್ಕು ಕಿಲೋ ಹಿಡಿಯುತ್ತೇನೆ. ಗ್ಯಾಸ್ ಅಂಗಡಿಯ ಹುಡುಗನನ್ನು ಕಾಯದೆ ಸಿಲಿಂಡರನ್ನು ನಾನೇ ಉರುಳಿಸಿ ಒಳಗೆ ತರುತ್ತೇನೆ.

‘ಈ ವಯಸ್ಸಿಗೆ ನಡಿಗೆಯೊಂದೇ ಸಾಕು’ ಎನ್ನುವವರು ಮನೆಮನೆಯಲ್ಲೂ ಇದ್ದಾರೆ. 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ, ಮೂರು ದಿನ ಬೀಳದಂತೆ ಕಾಯುವ ಸಮತೋಲನದ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತೊಂಬತ್ತರ ಆಸುಪಾಸಿನ ವೃದ್ಧಾಶ್ರಮವಾಸಿಗಳು ಎಂಟು ವಾರ ಭಾರ ಎತ್ತಿದ ನಂತರ ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಹಾಗಿರುವಾಗ ಅರವತ್ತೆಂಟು ಯಾವ ಮಹಾ ವಯಸ್ಸು!

ಕೊರತೆಗಳೂ ಇವೆ. ಜಿಮ್ ಮೊದಲನೆಯ ಮಹಡಿಯಲ್ಲಿದ್ದು, ಮೆಟ್ಟಿಲಿಗೆ ಒಂದೇ ಬದಿಯಲ್ಲಿ ಕಂಬಿಯಿದೆ. ಬಾಗಿಲಿನ ಫಲಕದಲ್ಲಿ ‘ವೃದ್ಧರ ಲಘು ವ್ಯಾಯಾಮ’ ಎಂದು ಬರೆದಿರುವುದು ಒಳಗೆ ನಡೆಯುವ ಕೆಲಸಕ್ಕೆ ಒಪ್ಪುವುದಿಲ್ಲ, ಬದಲಿಸುವಂತೆ ಕೇಳಿದ್ದೇನೆ. ತಿಂಗಳಿಗೆ 1,500 ರೂಪಾಯಿ ಶುಲ್ಕ ಪಿಂಚಣಿದಾರರಿಗೆ ಹೊರೆಯೇ, ಆದರೂ ಒಬ್ಬ ತರಬೇತುದಾರರಿಗೆ ಆರೇ ಮಂದಿ ಇರುವುದರಿಂದ ಅದು ಅನ್ಯಾಯವೆನಿಸಿಲ್ಲ. ಮೊದಲ ದಿನದ ತರಗತಿಗೆ ಹಣ ಕೇಳುವುದಿಲ್ಲ. ಹೋಗುವವರು ತಮ್ಮ ಔಷಧಿಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು.